ಸಿ.ಟಿ.ಯಿಂದ ತೆಗೆದ ದವಡೆ ಮಾಡೆಲ್: ‘ಇಷ್ಟು ಮಿ.ಮೀ. ಕರಾರುವಾಕ್ಕು’ ಅಂತ ಹೇಳೋದು ಹೇಗೆ?

ಲೇತ್_ದಾವಣಗೆರೆ

ದಾವಣಗೆರೆಯಲ್ಲಿ ದಂತ ವಿಭಾಗದವರೂ ಮೆಕ್ಯಾನಿಕಲ್‌ನವರೂ ಸೇರಿ ಮಾಡುತ್ತಿರುವ ಕೆಲಸ ಇದು. ಕೆಳದವಡೆಯ ಸಿ.ಟಿ., ಸ್ಲೈಸ್ 0.625 ಮಿ.ಮೀ. ತ್ರೀಡಿ ಸ್ಲೈಸರ್ ಸಾಫ್ಟ್‌ವೇರ್‌ನಲ್ಲಿ 226 ಎಚ್‌ಯು (ಸಿ.ಟಿ.ಯಲ್ಲಿ ವಸ್ತು ಎಷ್ಟು ಗಟ್ಟಿ ಅಂತ ಹೇಳುವ ಅಂಕಿ, ನೀರಿಗೆ 0) ಥ್ರೆಶೋಲ್ಡ್ ಇಟ್ಟು, ಅಂದರೆ ಅದಕ್ಕಿಂತ ಮೇಲಿನದನ್ನೆಲ್ಲ ಮೂಳೆ ಅಂತ ಹಿಡಿದು ಬೇರ್ಪಡಿಸಿ, ಸ್ಮೂತ್ ಮಾಡಿ, ಎಸ್‌ಟಿಎಲ್ (ಪ್ರಿಂಟರಿಗೆ ಕೊಡುವ ಮೇಲ್ಮೈ ಫೈಲು) ತೆಗೆದು ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್. ಕೈಯಲ್ಲಿ ಗೆರೆ ಎಳೆದ ಸೆಗ್ಮೆಂಟೇಶನ್ ಜೊತೆ ಹೋಲಿಸಿದರೆ ಡೈಸ್ (ಎರಡು ಆಕಾರ ಒಂದರ ಮೇಲೊಂದು ಎಷ್ಟು ಕೂರುತ್ತವೆ ಅನ್ನುವ ಅಂಕಿ, ಪೂರ್ತಿ ಹೊಂದಿದರೆ 1) 0.96 ಬರುತ್ತದೆ. ಸರ್ಜನ್ ಕೇಳುವುದು ಒಂದೇ: ಈ ಮಾಡೆಲ್ ಮೇಲೆ ಮೊದಲೇ ಬಗ್ಗಿಸಿದ ಲೋಹದ ಪ್ಲೇಟು ಥಿಯೇಟರಿನಲ್ಲಿ ಮೂಳೆಗೆ ಕೂರುತ್ತದೋ ಇಲ್ಲವೋ. 0.96 ಅಂದರೆ ಎಷ್ಟು ಮಿ.ಮೀ.? ಅಳೆಯುವ ಸರಿಯಾದ ಕ್ರಮ ಯಾವುದು?

ಮೈಕ್ರಾನ್

0.96ನ್ನು ಮಿ.ಮೀ.ಗೆ ಇಳಿಸಲು ಬರುವುದಿಲ್ಲ. ಡೈಸ್ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದು ಗುಂಡನ್ನು ಸುತ್ತಲೂ 0.5 ಮಿ.ಮೀ. ದಪ್ಪ ಮಾಡಿ ಲೆಕ್ಕ ಹಾಕಿ ನೋಡಿ. ತ್ರಿಜ್ಯ 30 ಮಿ.ಮೀ. ಇದ್ದರೆ ಡೈಸ್ 0.975. 10 ಇದ್ದರೆ 0.927. 3 ಇದ್ದರೆ 0.77. ತಪ್ಪು ಮೂರರಲ್ಲೂ ಅದೇ ಅರ್ಧ ಮಿ.ಮೀ. ಇಡೀ ದವಡೆಗೆ ಬಂದ 0.96 ಕಂಡೈಲ್ (ಕಿವಿಯ ಮುಂದೆ ಕೀಲಿಗೆ ಸೇರುವ ದವಡೆಯ ತುದಿ) ಬಗ್ಗೆ ಏನೂ ಹೇಳುವುದಿಲ್ಲ. ಇನ್ನೊಂದು ವಿಷಯ, ಕೈಯಲ್ಲಿ ಎಳೆದ ಗೆರೆಯೂ ಅದೇ ಸಿ.ಟಿ. ಮೇಲೆಯೇ ಎಳೆದದ್ದು. ಸಿ.ಟಿ. ವಕ್ರವಾಗಿದ್ದರೆ ಎರಡೂ ಒಟ್ಟಿಗೆ ವಕ್ರವಾಗಿ ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ.

ನನ್ನ ಪ್ರಕಾರ ಮೊದಲು ಮಾಡಬೇಕಾದ್ದು ತಪ್ಪನ್ನು ಎರಡು ಜಾತಿಯಾಗಿ ಒಡೆಯುವುದು. ಉದ್ದ ಹೆಚ್ಚಿದಂತೆ ಹೆಚ್ಚುವ ತಪ್ಪು ಒಂದು, ಅದು ಸ್ಕೇಲ್. ಉದ್ದ ಎಷ್ಟೇ ಇರಲಿ ಅಷ್ಟೇ ಇರುವ ತಪ್ಪು ಇನ್ನೊಂದು. ಅದು ಅಂಚು ಸರಿದದ್ದು. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಎರಡನ್ನೂ ಕಲಸಿ ‘ಸರಾಸರಿ ತಪ್ಪು 0.4’ ಅಂತ ಬರೆದರೆ ಯಾವುದನ್ನು ರಿಪೇರಿ ಮಾಡಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಬೇರ್ಪಡಿಸಲು ಗುಂಡುಗಳ ಫ್ಯಾಂಟಮ್ (ಸ್ಕ್ಯಾನ್ ಪರೀಕ್ಷೆಗೆ ಮಾಡಿದ, ಅಳತೆ ಮೊದಲೇ ಗೊತ್ತಿರುವ ವಸ್ತು) ಸಾಕು. ಎರಡು ಗುಂಡುಗಳ ಕೇಂದ್ರದಿಂದ ಕೇಂದ್ರಕ್ಕೆ ಇರುವ ದೂರ ಥ್ರೆಶೋಲ್ಡ್ ಏರಿಸಿದರೂ ಇಳಿಸಿದರೂ ಬದಲಾಗದು, ಯಾಕೆಂದರೆ ಗುಂಡು ಎಲ್ಲ ಕಡೆಗೂ ಸಮನಾಗಿ ಉಬ್ಬುತ್ತದೆ, ಕೇಂದ್ರ ಅಲ್ಲೇ ಇರುತ್ತದೆ. ಹಾಗಾಗಿ ಕೇಂದ್ರದ ದೂರ ಸ್ಕೇಲನ್ನು ಹೇಳುತ್ತದೆ, ವ್ಯಾಸ ಅಂಚನ್ನು ಹೇಳುತ್ತದೆ.

ಲೇತ್_ದಾವಣಗೆರೆ

ಸರ್, ಫ್ಯಾಂಟಮ್ ಇಲ್ಲೇ ಮಾಡಿಸಬಹುದಾ? ಅಕ್ರಿಲಿಕ್ ಶೀಟು, ಲೇತು, ಡ್ರಿಲ್ಲಿಂಗ್ ಮಷಿನ್ ಇದೆ. ಗುಂಡು ಬೇರಿಂಗ್ ಅಂಗಡಿಯಲ್ಲಿ ಸಿಗುತ್ತವೆ.

ಮೈಕ್ರಾನ್

ಬೇರಿಂಗ್ ಗುಂಡು ಬೇಡ. ಉಕ್ಕು ಸಿ.ಟಿ.ಯಲ್ಲಿ ಸುತ್ತಲೂ ಗೆರೆ ಚೆಲ್ಲುತ್ತದೆ, ಅದರ ಅಂಚು ಎಲ್ಲಿ ಅಂತ ದೇವರಿಗೇ ಗೊತ್ತು. ಮಾಮೂಲಿ 12 ಬಿಟ್ ಚಿತ್ರದಲ್ಲಿ ಎಚ್‌ಯು 3071ಕ್ಕೆ ನಿಂತುಬಿಡುತ್ತದೆ, ಅದಕ್ಕಿಂತ ಮೇಲಿನದೆಲ್ಲ ಒಂದೇ ಬಿಳಿ. ಟೆಫ್ಲಾನ್ ಗುಂಡು ತನ್ನಿ, 10 ಮಿ.ಮೀ.ನವು. ಟೆಫ್ಲಾನ್ 950 ಎಚ್‌ಯು ಆಸುಪಾಸು, ಮೂಳೆಗೆ ಹತ್ತಿರ. ಡೆಲ್ರಿನ್ ಪ್ಲಾಸ್ಟಿಕ್ 340ರ ಸುತ್ತ, ಅದು ತೆಳು ಮೂಳೆಯ ಲೆಕ್ಕಕ್ಕೆ. ತಳಕ್ಕೆ ಅಕ್ರಿಲಿಕ್, ಸುಮಾರು 120.

ಆರು ಗುಂಡು ಸಾಕು. ಮೂರು ತಳದಲ್ಲಿ, ಮೂರು ಬೇರೆಬೇರೆ ಎತ್ತರದ ಕಂಬಗಳ ಮೇಲೆ. ಹತ್ತಿರದ ಜೋಡಿ 20 ಮಿ.ಮೀ., ದೂರದ್ದು 110 ಮಿ.ಮೀ. ಇರುವಂತೆ, ಟೇಬಲ್ ಚಲಿಸುವ ದಿಕ್ಕಿನಲ್ಲೂ ಕನಿಷ್ಠ 80 ಮಿ.ಮೀ. ಸಿಗುವಂತೆ ಜೋಡಿಸಿ. ಗುಂಡಿನ ಜೊತೆಗೆ ಎರಡು ತುಂಡು ಸೇರಿಸಿ: 3, 5, 8 ಮಿ.ಮೀ. ತೂತು ರೀಮ್ ಮಾಡಿದ ಒಂದು ಟೆಫ್ಲಾನ್ ಬ್ಲಾಕು, ಮತ್ತು 0.5, 1, 2, 3 ಮಿ.ಮೀ. ದಪ್ಪದ ಟೆಫ್ಲಾನ್ ಹಾಳೆಗಳನ್ನು ನೆಟ್ಟಗೆ ನಿಲ್ಲಿಸಿದ ಸಾಲು. ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿ. ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದರೆ ಗುಂಡಿಗೆ ಅಂಟಿದ ಗುಳ್ಳೆ ಬಿಡುತ್ತವೆ. ಒಂದು ಗುಳ್ಳೆ ಉಳಿದರೂ ಅಲ್ಲಿ ಗುಂಡಿಗೆ ಕಚ್ಚಿದ ಹಾಗೆ ಗುಳಿ ಕಾಣುತ್ತದೆ, ಕೇಂದ್ರವೂ ಜರುಗುತ್ತದೆ.

ನಿಜವಾದ ಅಳತೆಗೆ ಸಿಎಂಎಂ (ಬಿಂದುಗಳನ್ನು ಮುಟ್ಟಿ ಅಳೆಯುವ ಯಂತ್ರ) ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಡಿಜಿಟಲ್ ವರ್ನಿಯರ್‌ನಲ್ಲಿ ಗುಂಡುಗಳ ಹೊರಗಿನಿಂದ ಹೊರಗೆ ಅಳೆದು, ಎರಡೂ ವ್ಯಾಸಗಳ ಸರಾಸರಿ ಕಳೆಯಿರಿ; ಕೇಂದ್ರದ ದೂರ ಬಂತು. ಟೆಫ್ಲಾನ್ ಮೆತ್ತಗಿನ ವಸ್ತು. ವರ್ನಿಯರಿನ ಬಾಯಿ ಗುಂಡಿಗೆ ತಾಗಿದ ಮೇಲೂ ಹೆಬ್ಬೆರಳು ಒತ್ತುತ್ತಲೇ ಇದ್ದರೆ ಅಂಕಿ ಇಳಿಯುತ್ತಾ ಹೋಗುತ್ತದೆ. ತಾಗಿತು ಅನ್ನುವಷ್ಟರಲ್ಲಿ ನಿಲ್ಲಿಸಿ ಓದಿ, ಗುಂಡನ್ನು ತಿರುಗಿಸಿ ಇನ್ನೆರಡು ಸಲ ಓದಿ.

ಸಿಟಿ_ರೂಮು

ಒಂದು ಮಾತು ಸೇರಿಸ್ತೀನಿ. ವರ್ಕ್‌ಶಾಪಿನಲ್ಲಿ ಅಳೆದು ತಂದು ಎ.ಸಿ. ರೂಮಿನಲ್ಲಿ ಸ್ಕ್ಯಾನ್ ಮಾಡಬೇಡ್ರಿ. ನಮ್ಮ ಕಡೆ ಏಪ್ರಿಲ್‌ನಲ್ಲಿ ಶೆಡ್ಡಿನೊಳಗೆ 38 ಡಿಗ್ರಿ, ಸ್ಕ್ಯಾನ್ ರೂಮಲ್ಲಿ 22. ಅಕ್ರಿಲಿಕ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 70 ಮೈಕ್ರಾನ್ ಹಿಗ್ಗುತ್ತೆ. 16 ಡಿಗ್ರಿ ವ್ಯತ್ಯಾಸಕ್ಕೆ 100 ಮಿ.ಮೀ.ನಲ್ಲಿ 0.11 ಮಿ.ಮೀ. ಹೋಯ್ತು. ವರ್ನಿಯರಿನ ಉಕ್ಕೂ ಸ್ವಲ್ಪ ಹಿಗ್ಗಿರುತ್ತೆ, ಆದರೂ 0.09 ಉಳಿಯುತ್ತೆ. ಟೆಫ್ಲಾನ್ ಇನ್ನೂ ಕಿರಿಕಿರಿ, 19 ಡಿಗ್ರಿ ಹತ್ತಿರ ಅದರ ಹರಳಿನ ರಚನೆಯೇ ಬದಲಾಗಿ ಗಾತ್ರ ಜಿಗಿಯುತ್ತೆ. ಅದಕ್ಕೇ ಉದ್ದದ ಭಾಗಕ್ಕೆ ಟೆಫ್ಲಾನ್ ಬೇಡ, ಗುಂಡಿನಂಥ ಸಣ್ಣ ತುಂಡುಗಳಿಗೆ ಮಾತ್ರ ಇರಲಿ. ಫ್ಯಾಂಟಮ್ಮನ್ನು ಹಿಂದಿನ ರಾತ್ರಿಯೇ ಸ್ಕ್ಯಾನ್ ರೂಮಲ್ಲಿ ಇಟ್ಟು ಅಲ್ಲೇ ಅಳೀರಿ.

ಸ್ಕ್ಯಾನ್ ಮಾಡುವಾಗ ರೋಗಿಗೆ ಹಾಕುವ ಪ್ರೋಟೋಕಾಲನ್ನೇ ಹಾಕ್ರಿ, ಫ್ಯಾಂಟಮ್‌ಗೆ ಅಂತ ಡೋಸ್ ಹೆಚ್ಚಿಸಿ ಚೆಂದದ ಚಿತ್ರ ತೆಗೆದರೆ ಏನು ಪ್ರಯೋಜನ? 120 ಕೆವಿ, ಸ್ಲೈಸ್ 0.625, ರೀಕನ್‌ಸ್ಟ್ರಕ್ಷನ್ ಅಂತರ ಅದರ ಅರ್ಧದಷ್ಟು ಇರಲಿ. ಎಫ್‌ಓವಿ (ಚಿತ್ರದಲ್ಲಿ ಬರುವ ಜಾಗದ ಅಗಲ) 200 ಮಿ.ಮೀ. ಇಟ್ಟರೆ ಒಂದು ಸಾಲಿನ 512 ಪಿಕ್ಸೆಲ್‌ಗಳಿಂದ ಭಾಗಿಸಿ ಪಿಕ್ಸೆಲ್ 0.39. ತಲೆಗೆ ಇಡುವ 250ರಲ್ಲೇ ಬಿಟ್ಟರೆ 0.49. ಡಬ್ಬಿಯನ್ನು ಟೇಬಲ್ಲಿಗೆ ನೇರವಾಗಿ ಇಡದೆ 15–20 ಡಿಗ್ರಿ ಓರೆಯಾಗಿ ಇಡ್ರಿ. ನೇರ ಇಟ್ಟರೆ ಅಂಚುಗಳು ಪಿಕ್ಸೆಲ್ ಸಾಲಿಗೆ ಕೂತು ಫಲಿತಾಂಶ ಇರೋದಕ್ಕಿಂತ ಚೆನ್ನಾಗಿ ಕಾಣುತ್ತೆ.

ಅದೇ ಡೇಟಾವನ್ನು ಎರಡು ಕರ್ನಲ್‌ನಲ್ಲಿ (ಚಿತ್ರ ಕಟ್ಟುವಾಗ ಹಾಕುವ ಫಿಲ್ಟರು) ತೆಗೀರಿ. ಬೋನ್ ಕರ್ನಲ್ ಅಂಚನ್ನು ಚೂಪು ಮಾಡುವ ಭರದಲ್ಲಿ ಮೂಳೆ ಪಕ್ಕದಲ್ಲಿ ಕಪ್ಪು ಗೆರೆ, ಒಳಗೆ ಬಿಳಿ ಗೆರೆ ಹಾಕುತ್ತೆ, ಗದ್ದಲವೂ ಜಾಸ್ತಿ. ಕಣ್ಣಿಗೆ ಚೆಂದ, ಥ್ರೆಶೋಲ್ಡಿಗೆ ತೊಂದರೆ. ಮಾಡೆಲ್‌ಗೆ ನಾನು ಸಾಫ್ಟ್ ಅಥವಾ ಮಧ್ಯಮ ಕರ್ನಲ್ಲನ್ನೇ ಕೊಡೋದು.

ದುರ್ಗದ_ಕಲ್ಲು

ಅಣ್ಣ, ಚಿತ್ರದುರ್ಗದಿಂದ ಕೇಳ್ತಿದೀನಿ. ನಮ್ಮ ಹತ್ತಿರ ಒಂದು ಹಳೇ ಸ್ಕ್ಯಾನ್ ಐತೆ, ಅದರ ಮಾಡೆಲ್ಲು ಪಕ್ಕದಿಂದ ನೋಡಿದ್ರೆ ಹಿಂದಕ್ಕೆ ವಾಲಿದಂಗೆ ಕಾಣ್ತದೆ. ಅಗಲ ಅಳೆದ್ರೆ ಸರಿ ಐತೆ.

ಸಿಟಿ_ರೂಮು

ಗ್ಯಾಂಟ್ರಿ (ಸ್ಕ್ಯಾನರಿನ ಬಳೆ) ವಾಲಿಸಿ ತೆಗೆದ ಹೆಡ್ ಸಿ.ಟಿ. ಇರಬೇಕು ತಮ್ಮ. ಡೈಕಾಮ್ (ಸ್ಕ್ಯಾನ್ ಚಿತ್ರದ ಫೈಲು) ಹೆಡರ್‌ನಲ್ಲಿ 0018,1120 ಅನ್ನೋ ಸಾಲು ನೋಡು, ಅಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ಅದೇ ಕಾರಣ. ಅಲ್ಲಿ ಏನೂ ಬರೆದಿಲ್ಲದಿದ್ದರೆ 0020,0032ರ ಸ್ಥಾನಗಳನ್ನು ಎರಡು ಪಕ್ಕದ ಸ್ಲೈಸಿಗೆ ತೆಗೆದು ಕಳೆ. ಆ ದಿಕ್ಕು ಸ್ಲೈಸಿಗೆ ಲಂಬವಾಗಿ ಇಲ್ಲ ಅಂದ್ರೆ ವಾಲಿಕೆ ಐತೆ ಅಂತ.

15 ಡಿಗ್ರಿ ವಾಲಿಸಿದ್ದನ್ನು ಸಾಫ್ಟ್‌ವೇರ್ ನೇರ ಅಂತ ಪೇರಿಸಿದರೆ 100 ಮಿ.ಮೀ. ಎತ್ತರಕ್ಕೆ 27 ಮಿ.ಮೀ. ಹಿಂದೆ ಮುಂದೆ ಜರುಗುತ್ತೆ. ಅದು ಕಣ್ಣಿಗೆ ಬೀಳುತ್ತೆ. ಬೀಳದೇ ಇರೋದು ಇನ್ನೊಂದು: ಟೇಬಲ್ ಸರಿದ ದೂರವನ್ನೇ ಸ್ಲೈಸ್‌ಗಳ ನಡುವಿನ ಲಂಬ ದೂರ ಅಂತ ತಗೊಂಡರೆ ಎತ್ತರ ಶೇ. 3.5ರಷ್ಟು ಹೆಚ್ಚಾಗುತ್ತೆ. ಸ್ಲೈಸರ್‌ನಲ್ಲಿ ಡೈಕಾಮ್ ತೆರೆಯುವಾಗ ಈ ಜ್ಯಾಮಿತಿ ಸರಿಪಡಿಸುವ ಆಯ್ಕೆ ಇದೆ, ಎಚ್ಚರಿಕೆ ಬಂದಾಗ ಓಕೆ ಒತ್ತಿ ಮುಂದೆ ಹೋಗಬೇಡ. ಇನ್ನೂ ಒಂದು, 0018,0050ರಲ್ಲಿ ಇರೋದು ಸ್ಲೈಸಿನ ದಪ್ಪ, ಅಂತರ ಅಲ್ಲ. ಅಂತರವನ್ನು ಯಾವಾಗಲೂ ಸ್ಥಾನಗಳಿಂದಲೇ ಲೆಕ್ಕ ಹಾಕು. ಮಧ್ಯದಲ್ಲಿ ಒಂದು ಸ್ಲೈಸ್ ಕಾಪಿ ಆಗದೆ ಬಿಟ್ಟುಹೋಗಿದ್ದರೂ ಆಗಲೇ ಗೊತ್ತಾಗೋದು.

ದಂತ_ಮೇಡಂ

ಫ್ಯಾಂಟಮ್ ಸರಿ, ಆದರೆ ಪ್ರಬಂಧ ಓದುವವರು ಒಣ ದವಡೆ ಕೇಳುತ್ತಾರೆ. ಅನಾಟಮಿ ವಿಭಾಗದಿಂದ ಮೂಳೆ ತಂದು ಸ್ಕ್ಯಾನ್ ಮಾಡಿ ವರ್ನಿಯರ್‌ನಲ್ಲಿ ಹೋಲಿಸುವುದೇ ಹೆಚ್ಚಿನ ಕಡೆ ನಡೆಯುವ ಪದ್ಧತಿ. ಅದರಲ್ಲಿ ಎಡವುವುದು ಎಲ್ಲಿ ಅಂತ ಯಾರಾದರೂ ಬರೆಯಿರಿ. ಹಾಗೆಯೇ, ನಮ್ಮಲ್ಲಿ ಹೆಚ್ಚು ಬಳಕೆ ಸಿಬಿಸಿಟಿ (ಕೋನ್ ಬೀಮ್ ಸಿ.ಟಿ.).

ಮೈಕ್ರಾನ್

ಮೇಡಂ, ಒಣ ಮೂಳೆಯನ್ನು ಗಾಳಿಯಲ್ಲಿ ಸ್ಕ್ಯಾನ್ ಮಾಡುವುದೇ ಮೊದಲ ಎಡವಟ್ಟು. ಸಿ.ಟಿ.ಯಲ್ಲಿ ಅಂಚು ಮಸುಕಾಗಿರುತ್ತದೆ. ನಿಜವಾದ ಅಂಚು ಇರುವುದು ಒಳಗಿನ ಮತ್ತು ಹೊರಗಿನ ಎಚ್‌ಯುಗಳ ನಡುಮಧ್ಯದಲ್ಲಿ. ಗಟ್ಟಿ ಮೂಳೆ 1500 ಅಂತಿಟ್ಟುಕೊಳ್ಳಿ. ಸುತ್ತ ಗಾಳಿ, ಅಂದರೆ −1000 ಇದ್ದರೆ ನಡುಮಧ್ಯ 250. ಸುತ್ತ ಮಾಂಸ, ಅಂದರೆ 50 ಇದ್ದರೆ ನಡುಮಧ್ಯ 775. ಗಾಳಿಯಲ್ಲಿ 226 ಇಟ್ಟು ಅಳೆದವರಿಗೆ ವರ್ನಿಯರ್ ಜೊತೆ ಸೊಗಸಾಗಿ ಹೊಂದುತ್ತದೆ. ಅದೇ 226ನ್ನು ರೋಗಿಗೆ ಇಟ್ಟರೆ, ಸ್ಕ್ಯಾನಿನ ಮಸುಕು 1.2 ಮಿ.ಮೀ. ಅಗಲ ಇದೆ ಅಂತ ಲೆಕ್ಕ ಹಾಕಿದರೆ, ಅಂಚು ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚೇ ಹೊರಕ್ಕೆ ಸರಿಯುತ್ತದೆ. ಎರಡೂ ಬದಿ ಸೇರಿ ಮೂಳೆಯ ಅಗಲ 1 ಮಿ.ಮೀ. ಮೀರಿ ದಪ್ಪ. ಮೂಲ ಪ್ರಶ್ನೆ ಕೇಳಿದವರ ಮಾಡೆಲ್‌ನಲ್ಲಿ ಆಗುತ್ತಿರುವುದೂ ಇದೇ ಅಂತ ನನ್ನ ಊಹೆ.

ಆದ್ದರಿಂದ ಮೂಳೆಯನ್ನು ನೀರಿನಲ್ಲಿ ಮುಳುಗಿಸಿಯೇ ಸ್ಕ್ಯಾನ್ ಮಾಡಬೇಕು. ಒಳಗಿನ ಜಾಲರಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ಹಿಂದಿನ ದಿನವೇ ನೆನೆಹಾಕಿ. ವ್ಯಾಕ್ಯೂಮ್ ಪಂಪ್ ಇದ್ದರೆ ನೀರಿನೊಳಗೇ ಗಾಳಿ ಎಳೆಯಿರಿ. ಅಲುಗಾಡುವ ಹಲ್ಲುಗಳನ್ನು ಮೊದಲೇ ಅಂಟಿಸಿ.

ದಂತ_ಮೇಡಂ

ಒಪ್ಪಿದೆ. ಗುರುತಿನ ಬಿಂದುಗಳಿಗೆ ಒಂದು ಸಲಹೆ: ಗೋನಿಯನ್ (ದವಡೆಯ ಮೂಲೆ) ಎಲ್ಲಿ, ಮೆಂಟಲ್ ಫೋರಾಮೆನ್ನಿನ (ಗಲ್ಲದ ಪಕ್ಕದ ನರದ ತೂತು) ಅಂಚು ಎಲ್ಲಿ ಅಂತ ಕಣ್ಣಂದಾಜಿನಲ್ಲಿ ಮೂಳೆಯ ಮೇಲೊಮ್ಮೆ, ಪರದೆಯ ಮೇಲೊಮ್ಮೆ ಹುಡುಕಿದರೆ ನೀವು ಅಳೆಯುವುದು ಮಾಡೆಲ್ಲಿನ ತಪ್ಪನ್ನಲ್ಲ, ಕಣ್ಣಿನ ತಪ್ಪನ್ನು. ಗಟ್ಟಾ ಪರ್ಚಾ (ಹಲ್ಲಿನ ಬೇರಿಗೆ ತುಂಬುವ ವಸ್ತು) ಕಡ್ಡಿಯನ್ನು 1 ಮಿ.ಮೀ. ಚೂರು ಮಾಡಿ ಆ ಜಾಗಗಳಿಗೆ ಅಂಟಿಸಿದರೆ ಎರಡೂ ಕಡೆ ಅದೇ ಚುಕ್ಕೆ ಸಿಗುತ್ತದೆ. ಎಕ್ಸ್‌ರೇಗೆ ಕಾಣುವ ವಸ್ತು, ಲೋಹದಷ್ಟು ಗೆರೆ ಚೆಲ್ಲುವುದಿಲ್ಲ.

ಸಿಬಿಸಿಟಿ ಬಳಸುವವರಿಗೆ: ಅದರ ಬೂದು ಅಂಕಿಗಳು ಎಚ್‌ಯು ಅಲ್ಲ. ಒಂದೇ ಮೂಳೆ ಎಫ್‌ಓವಿ ಮಧ್ಯದಲ್ಲಿ ಒಂದು ಅಂಕಿ ಕೊಡುತ್ತದೆ, ಅಂಚಿಗೆ ಹೋದರೆ ಇನ್ನೊಂದು. ಹಾಗಾಗಿ ಸಿ.ಟಿ.ಯ ಥ್ರೆಶೋಲ್ಡನ್ನು ಅಲ್ಲಿಗೆ ಒಯ್ಯಬಾರದು. ವೋಕ್ಸೆಲ್ (ಮೂರು ಆಯಾಮದ ಪಿಕ್ಸೆಲ್) 0.2 ಅಂದಮಾತ್ರಕ್ಕೆ 0.2 ಮಿ.ಮೀ. ವಿವರ ಕಾಣುತ್ತದೆ ಅಂತಲೂ ಅಲ್ಲ. ಸ್ಕ್ಯಾನ್ ಮುಗಿಯುವುದರೊಳಗೆ ರೋಗಿ ಉಗುಳು ನುಂಗಿದರೂ ಅಂಚು ಎರಡೆರಡಾಗಿ ಕಾಣುತ್ತದೆ. ಅಮಾಲ್ಗಂ ತುಂಬಿದ ಹಲ್ಲಿದ್ದರೆ ಹಲ್ಲಿನ ಮೇಲ್ಮೈಯನ್ನು ಇಂಟ್ರಾಓರಲ್ ಸ್ಕ್ಯಾನ್‌ನಿಂದ ತಂದು ಕೂರಿಸುವುದೇ ಸರಿ.

ಲೇತ್_ದಾವಣಗೆರೆ

ಹಾಗಾದರೆ ಥ್ರೆಶೋಲ್ಡನ್ನು 775ಕ್ಕೆ ಏರಿಸಿದೆ ಅನ್ನಿ, ಕಂಡೈಲ್ ತುಂಬಾ ತೂತು ಬೀಳುತ್ತವಲ್ಲ?

ಮೈಕ್ರಾನ್

ಬೀಳಲೇಬೇಕು. ಕಂಡೈಲಿನ ಹೊರಪದರ ತೆಳು. ಮಸುಕಿನ ಅಗಲಕ್ಕಿಂತ ತೆಳುವಾದ ಪದರದ ಎಚ್‌ಯು ಪೂರ್ತಿ ಎತ್ತರಕ್ಕೆ ಏರುವುದೇ ಇಲ್ಲ, 500–600ಕ್ಕೇ ನಿಂತಿರಬಹುದು. ನಿಮ್ಮ ಫ್ಯಾಂಟಮ್ಮಿನ ಹಾಳೆಗಳ ಸಾಲು ಇದನ್ನೇ ತೋರಿಸುತ್ತದೆ. 3 ಮಿ.ಮೀ. ಹಾಳೆ ನಡುಮಧ್ಯದ ಥ್ರೆಶೋಲ್ಡಿಗೆ, ಅಂದರೆ ಟೆಫ್ಲಾನ್-ನೀರಿಗೆ 475ಕ್ಕೆ, ಸರಿಯಾದ ದಪ್ಪ ಕೊಡುತ್ತದೆ. 0.5 ಹಾಳೆ ಅದೇ ಥ್ರೆಶೋಲ್ಡಿನಲ್ಲಿ ಮಾಯ. ಥ್ರೆಶೋಲ್ಡ್ ಇಳಿಸಿದರೆ ಮರಳಿ ಬರುತ್ತದೆ, ಆದರೆ ಒಂದು ಮಿ.ಮೀ. ಮೀರಿದ ದಪ್ಪದಲ್ಲಿ. ಕಣ್ಣುಗುಡ್ಡೆಯ ಕೆಳಗಿನ ಮೂಳೆಯ ಮಾಡೆಲ್‌ನಲ್ಲಿ ಇಲ್ಲದ ತೂತು ಕಾಣುವುದಕ್ಕೂ ಇದೇ ಕಾರಣ.

ಎಲ್ಲರೂ ಮಾಡುವುದೇನೆಂದರೆ ಕಂಡೈಲಿನ ತೂತು ಮುಚ್ಚಲು ಇಡೀ ದವಡೆಯ ಥ್ರೆಶೋಲ್ಡ್ ಇಳಿಸುತ್ತಾರೆ. ಆಗ ಪ್ಲೇಟ್ ಕೂರಬೇಕಾದ ಕೆಳಅಂಚು ಊದಿಕೊಳ್ಳುತ್ತದೆ. ಒಂದೇ ಅಂಕಿಯ ಆಸೆ ಬಿಡಿ. ಪ್ಲೇಟ್ ಕೂರುವ ಜಾಗದಲ್ಲಿ ನಡುಮಧ್ಯದ ಲೆಕ್ಕ, ತೆಳು ಜಾಗದಲ್ಲಿ ಕೈಯಿಂದ ತುಂಬಿಸಿ, ‘ಇಲ್ಲಿ ದಪ್ಪ ನಂಬುವಂತಿಲ್ಲ’ ಅಂತ ವರದಿಯಲ್ಲೇ ಬರೆಯಿರಿ.

ಫ್ಯಾಂಟಮ್ ಓದುವ ಕ್ರಮ ಹೀಗೆ. ಪ್ರತಿ ಗುಂಡಿನ ಮೆಶ್‌ಗೆ (ತ್ರಿಕೋನಗಳಿಂದಾದ ಮೇಲ್ಮೈ) ಗೋಳ ಫಿಟ್ ಮಾಡಿ ಕೇಂದ್ರ, ವ್ಯಾಸ ತೆಗೆಯಿರಿ. ಕ್ಲೌಡ್‌ಕಂಪೇರ್‌ನಲ್ಲಿ ಆಗುತ್ತದೆ, ಉಚಿತ. ಕೇಂದ್ರದ ದೂರಗಳಲ್ಲಿ ನಿಜವಾದದ್ದನ್ನು ಅಡ್ಡ ಅಕ್ಷಕ್ಕೆ, ಸ್ಕ್ಯಾನಿನಲ್ಲಿ ಓದಿದ್ದನ್ನು ನಿಂತ ಅಕ್ಷಕ್ಕೆ ಹಾಕಿ ಗೆರೆ ಎಳೆಯಿರಿ. ಇಳಿಜಾರು 1 ಇದ್ದರೆ ಸ್ಕೇಲ್ ಸರಿ. ಮೂರೂ ದಿಕ್ಕಿಗೆ ಬೇರೆಬೇರೆ ಎಳೆಯಿರಿ, ಟೇಬಲ್ ದಿಕ್ಕೊಂದೇ ಕೆಟ್ಟಿರುವ ಸಾಧ್ಯತೆ ಹೆಚ್ಚು. ಆಮೇಲೆ ವ್ಯಾಸ: 10ರ ಗುಂಡು 10.6 ಓದಿದರೆ ಅಂಚು ಒಂದು ಬದಿಗೆ 0.3 ಹೊರಗಿದೆ. ಹಾಗಿದ್ದರೆ 5ರ ತೂತು 4.4ರ ಹತ್ತಿರ ಓದಬೇಕು. ಗುಂಡು ಉಬ್ಬಿ ತೂತು ಕುಗ್ಗಿದರೆ ಅದು ಥ್ರೆಶೋಲ್ಡಿನದೇ ಕೆಲಸ. ಎರಡೂ ಕುಗ್ಗಿದ್ದರೆ ಸ್ಕೇಲ್ ನೋಡಿ, ಇಲ್ಲವೇ ಸ್ಮೂತಿಂಗ್ ತಿಂದಿದೆ. ಗುಂಡು ಕುಗ್ಗಿ ತೂತು ದೊಡ್ಡದಾಗಿದ್ದರೆ ಥ್ರೆಶೋಲ್ಡ್ ಮೇಲಾಗಿದೆ. ಲ್ಯಾಪ್ಲೇಸಿಯನ್ ಸ್ಮೂತಿಂಗ್ ಹೆಚ್ಚು ಸಲ ಓಡಿಸಿದಷ್ಟೂ ಉಬ್ಬಿದ ಮೈ ಕರಗುತ್ತದೆ. 1995ರ ಟಾಬಿನ್ ವಿಧಾನ ಅಥವಾ ವಿಂಡೋಡ್ ಸಿಂಕ್ ಬಳಸಿದರೆ ಕುಗ್ಗುವುದು ಕಡಿಮೆ.

ಲೆಕ್ಕದ_ಮೇಷ್ಟ್ರು

ಮೇಲ್ಮೈ ಹೋಲಿಕೆಯ ಬಗ್ಗೆ ಇನ್ನೂ ಯಾರೂ ಮುಟ್ಟಿಲ್ಲ. ಎರಡು ಮೆಶ್ ತಂದು ಬೆಸ್ಟ್ ಫಿಟ್ ಒತ್ತಿ, ಬಣ್ಣದ ನಕ್ಷೆ ಹಸಿರಾಗಿ ಬಂತು ಅಂತ ಪುಟಕ್ಕೆ ಅಂಟಿಸುವುದು ಈಗಿನ ರೂಢಿ. ಬೆಸ್ಲ್ ಮತ್ತು ಮೆಕೇ 1992ರಲ್ಲಿ ಕೊಟ್ಟ ಐಸಿಪಿ ವಿಧಾನದ (ಬೆಸ್ಟ್ ಫಿಟ್ ಹಿಂದೆ ಇರುವುದು ಇದೇ) ಕೆಲಸವೇ ಒಟ್ಟು ದೂರವನ್ನು ಕನಿಷ್ಠ ಮಾಡುವುದು. ದವಡೆಯ ಒಂದು ಕೊಂಬು (ಕಿವಿಯ ಕಡೆಗೆ ಏರುವ ಭಾಗ) 2 ಮಿ.ಮೀ. ಹೊರಗೆ ಹೋಗಿದ್ದರೆ ಅದು ಇಡೀ ದವಡೆಯನ್ನು ಸ್ವಲ್ಪ ತಿರುಗಿಸಿ ಆ 2ನ್ನು ಎರಡೂ ಕಡೆ ಹಂಚಿಬಿಡುತ್ತದೆ. ಅದಕ್ಕೆ, ಪರೀಕ್ಷಿಸುವ ಜಾಗ ಬಿಟ್ಟು ಬೇರೆ ಜಾಗದಿಂದ ಜೋಡಿಸಿ. ಮುಂಭಾಗದ ಗಲ್ಲದ ಮೂಳೆ ಹಿಡಿದು ಜೋಡಿಸಿದರೆ ಕೊಂಬಿನ ತಪ್ಪು ಕೊಂಬಿನಲ್ಲೇ ಕಾಣುತ್ತದೆ.

ದೂರವನ್ನು ಎರಡೂ ದಿಕ್ಕಿನಿಂದ ಅಳೆಯಿರಿ. ಕೋರೊನಾಯ್ಡ್ (ಕಂಡೈಲಿನ ಮುಂದಿರುವ ಚೂಪು ಮೂಳೆ) ತುದಿ ಮಾಡೆಲ್‌ನಲ್ಲಿ ಇಲ್ಲವೇ ಇಲ್ಲ ಅನ್ನಿ. ಮಾಡೆಲ್‌ನಿಂದ ಮೂಲಕ್ಕೆ ಅಳೆದರೆ ಇಲ್ಲದ ಬಿಂದುವಿಗೆ ದೂರ ಎಲ್ಲಿಂದ ಬರಬೇಕು? ತಪ್ಪು ಸೊನ್ನೆ. ಮೂಲದಿಂದ ಮಾಡೆಲ್‌ಗೆ ಅಳೆದಾಗಲೇ ಅದು ಸಿಕ್ಕಿಬೀಳುವುದು.

ಅಂಕಿ ಕೊಡುವಾಗ ಕೂಡು-ಕಳೆ ಚಿಹ್ನೆ ಸಹಿತ ಸರಾಸರಿ, ಅದರ ಜೊತೆ ವಿಚಲನೆ, ಮತ್ತು ಚಿಹ್ನೆ ಬಿಟ್ಟ ದೂರಗಳ 95ನೇ ಶೇಕಡಾಂಶ. ಸರಾಸರಿ ಸೊನ್ನೆ ಅನ್ನುವುದು ಮೋಸ: ಅರ್ಧ ಊದಿ ಅರ್ಧ ಕುಗ್ಗಿದರೂ ಸೊನ್ನೆಯೇ. ಹೌಸ್ಡಾರ್ಫ್ ದೂರ, ಅಂದರೆ ಎಲ್ಲಕ್ಕಿಂತ ದೊಡ್ಡ ಅಂತರ, ಒಂದು ಕಸದ ತ್ರಿಕೋನಕ್ಕೆ ಬಲಿಯಾಗುತ್ತದೆ, ಅದನ್ನೇ ತಲೆಬರಹ ಮಾಡಬೇಡಿ.

ವರ್ನಿಯರ್ ಹೋಲಿಕೆಗೆ ‘ಆರ್ = 0.99’ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಎಲ್ಲ ಅಳತೆಗೂ 2 ಮಿ.ಮೀ. ಸೇರಿಸಿ ನೋಡಿ, ಆಗಲೂ ಸಹಸಂಬಂಧ ಒಂದು ಕೂದಲೆಳೆಯೂ ಅಲುಗುವುದಿಲ್ಲ. ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲೇ ವ್ಯತ್ಯಾಸವನ್ನು ಸರಾಸರಿಯ ಎದುರು ಹಾಕುವ ದಾರಿ ತೋರಿಸಿದ್ದಾರೆ. ಅಳೆಯುವವರ ಕೈ ಎಷ್ಟು ನಡುಗುತ್ತದೆ ಎನ್ನುವುದಕ್ಕೆ ಡಾಲ್ಬರ್ಗ್ ಸೂತ್ರ ಸಾಕು: ಅದೇ ವ್ಯಕ್ತಿ ಎರಡು ಸಲ ಅಳೆದ ವ್ಯತ್ಯಾಸಗಳ ವರ್ಗಗಳ ಮೊತ್ತ, ಅದನ್ನು ಜೋಡಿಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ ವರ್ಗಮೂಲ. ಎರಡನೇ ಸಲ ಅಳೆಯುವಾಗ ಮೊದಲಿನ ಹಾಳೆ ಕಣ್ಣಿಗೆ ಬೀಳಬಾರದು.

ಲೇತ್_ದಾವಣಗೆರೆ

ಮೇಷ್ಟ್ರೇ, ಕೊನೆಗೆ ಪ್ರಿಂಟಿನ ತಪ್ಪನ್ನು ಇದಕ್ಕೆ ಕೂಡಿಸುವುದು ಹೇಗೆ?

ಲೆಕ್ಕದ_ಮೇಷ್ಟ್ರು

ಪ್ರಿಂಟನ್ನು ಎಸ್‌ಟಿಎಲ್ ಜೊತೆ ಮಾತ್ರ ಹೋಲಿಸಿ, ಮೂಳೆ ಜೊತೆ ಅಲ್ಲ. ಆಗ ಎರಡು ಹಂತದ ತಪ್ಪು ಬೇರೆಬೇರೆ ಸಿಗುತ್ತದೆ. ಯಾದೃಚ್ಛಿಕ ತಪ್ಪುಗಳನ್ನು ವರ್ಗ ಮಾಡಿ ಕೂಡಿ ಮೂಲ ತೆಗೆಯಿರಿ: ಪ್ರಿಂಟ್ 0.15, ಅಳತೆ 0.10 ಆದರೆ ಒಟ್ಟು 0.18. ಆದರೆ ಅಂಚಿನ 0.3 ಯಾವಾಗಲೂ ಒಂದೇ ಕಡೆಗೆ ಬೀಳುವ ತಪ್ಪು. ಅದನ್ನು ಈ ಮೂಲದೊಳಗೆ ಹಾಕಬಾರದು, ತಿದ್ದಬೇಕು. ತಿದ್ದಲಾಗದಿದ್ದರೆ ‘ಒಂದು ಬದಿಗೆ 0.3 ದಪ್ಪ, ಅದರ ಮೇಲೆ ±0.18’ ಅಂತ ಬಿಡಿಸಿ ಬರೆಯಿರಿ.

ಮೈಕ್ರಾನ್

ಪ್ರಿಂಟಿನಲ್ಲಿ ನೋಡಬೇಕಾದ್ದು: ಮೊದಲ ಲೇಯರ್ ಅಗಲವಾಗಿ ಹರಡಿರುತ್ತದೆ, ಸಪೋರ್ಟ್ ಕಿತ್ತ ಜಾಗ ಉಬ್ಬಿರುತ್ತದೆ. ಪ್ಲೇಟ್ ಕೂರುವ ಮುಖಕ್ಕೆ ಸಪೋರ್ಟ್ ಬಾರದ ಹಾಗೆ ಮಲಗಿಸಿ. ರೆಸಿನ್ ಆದರೆ ಯುವಿ ಕ್ಯೂರಿಂಗ್ ಆದ ಮೇಲೆಯೇ ಅಳೆಯಿರಿ, ಅಷ್ಟರಲ್ಲಿ ಇನ್ನಷ್ಟು ಕುಗ್ಗಿರುತ್ತದೆ. ಪಿಎಲ್‌ಎ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. 121 ಡಿಗ್ರಿ ಆಟೋಕ್ಲೇವ್ ಮಾತು ಬಿಡಿ, ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೂ ಸೊಟ್ಟಗಾಗುತ್ತದೆ. ಪ್ಲೇಟ್ ಬಗ್ಗಿಸಿ, ಪ್ಲೇಟನ್ನು ಮಾತ್ರ ಆಟೋಕ್ಲೇವ್‌ಗೆ ಕೊಡಿ. ಮಾಡೆಲ್ಲೇ ಒಳಗೆ ಹೋಗಬೇಕಿದ್ದರೆ ಆ ಶಾಖ ತಡೆಯುತ್ತದೆ ಅಂತ ತಯಾರಕರೇ ಹೇಳಿದ ರೆಸಿನ್ ತರಿಸಿ.

ಪ್ಲೇಟಿನ ಲೆಕ್ಕಕ್ಕೆ ಬಂದರೆ, ದಪ್ಪ ಮಾಡೆಲ್ ಮೇಲೆ ಬಗ್ಗಿಸಿದ ಪ್ಲೇಟು ಮೂಳೆಯಿಂದ ಎದ್ದು ನಿಲ್ಲುತ್ತದೆ. ಲಾಕಿಂಗ್ ಪ್ಲೇಟಿಗೆ (ಸ್ಕ್ರೂ ಪ್ಲೇಟಿಗೇ ಬಿಗಿಯುವಂಥದ್ದು) ಅದು ಸ್ವಲ್ಪ ಸಹ್ಯ. ಕಟಿಂಗ್ ಗೈಡಿಗೆ (ಮೂಳೆ ಕೊಯ್ಯುವಾಗ ಅದರ ಮೇಲೆ ಕೂರಿಸುವ ಅಚ್ಚು) ಹಾಗಲ್ಲ: ಮೂಳೆ ದಪ್ಪವಾಗಿ ಬಂದರೆ ಗೈಡು ಸಡಿಲ, ತೆಳುವಾಗಿ ಬಂದರೆ ಕೂರುವುದೇ ಇಲ್ಲ. ಅಲ್ಲಿ ಅಂಚನ್ನು ತಿದ್ದದೆ ಮುಂದೆ ಹೋಗಬೇಡಿ.

ದುರ್ಗದ_ಕಲ್ಲು

ಅಣ್ಣ, ವಾಲಿದ್ದು ಸರಿ ಆಯ್ತು, ಹೆಡರ್‌ನಲ್ಲಿ 12 ಡಿಗ್ರಿ ಇತ್ತು. ಇನ್ನೊಂದು ಡೌಟು. ಎಡ-ಬಲ ಅದಲು ಬದಲು ಆಗಿದ್ರೆ ಈ ಅಳತೆಗಳಲ್ಲಿ ಗೊತ್ತಾಗ್ತದಾ?

ಸಿಟಿ_ರೂಮು

ಇಲ್ಲ ತಮ್ಮ, ಕನ್ನಡಿಯಲ್ಲಿ ತಿರುಗಿದ ದವಡೆಯ ಎಲ್ಲ ಉದ್ದ, ವ್ಯಾಸ, ಕೇಂದ್ರದ ದೂರ ಅಷ್ಟೇ ಇರುತ್ತವೆ. ಅದಕ್ಕೇ ಫ್ಯಾಂಟಮ್ಮಿನ ಒಂದು ಮೂಲೆಯಲ್ಲಿ ಆಂಗ್ಲದ ಆರ್ ಅಕ್ಷರ ಕೊರೆಸಿಬಿಡು, ಪ್ರಿಂಟ್ ಆದ ಮೇಲೆ ನೇರ ಓದೋಕೆ ಬಂದ್ರೆ ಸರಿ. ಸ್ಲೈಸರ್ ಒಳಗಿನ ಅಕ್ಷಗಳು ಆರ್‌ಎಎಸ್ (ಬಲ, ಮುಂದೆ, ಮೇಲೆ), ಡೈಕಾಮ್‌ನವು ಎಲ್‌ಪಿಎಸ್ (ಎಡ, ಹಿಂದೆ, ಮೇಲೆ). ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎರಡು ಅಕ್ಷದ ಚಿಹ್ನೆ ಬದಲಾಗಬೇಕು. ಒಂದೇ ಬದಲಾದರೆ ಕನ್ನಡಿ ಬಿಂಬ, ಎರಡೂ ಬದಲಾದರೆ ಬರೀ ತಿರುಗುವಿಕೆ. ಎಸ್‌ಟಿಎಲ್‌ನಲ್ಲಿ ಅಳತೆಯ ಮಾನವೂ ಇರೋದಿಲ್ಲ, ಮಾಡೆಲ್ 25.4 ಪಟ್ಟು ದೊಡ್ಡದೋ ಚಿಕ್ಕದೋ ಬಂದ್ರೆ ಅದು ಇಂಚು-ಮಿ.ಮೀ. ಗೊಂದಲ, ಪ್ರಿಂಟರನ್ನು ಬಿಚ್ಚೋಕೆ ಹೋಗಬೇಡ.